ಬೇನೆ ತಿನ್ನುವವಳ ಪಕ್ಕದಲ್ಲಿ: ಹೆರಿಗೆ ಕೋಣೆಯಲ್ಲಿ ನೆಮ್ಮದಿ ತರುವ ಬಗೆ

ಹಳ್ಳಿಯಲ್ಲಿ ಹಸು ಕರು ಹಾಕುವ ಹೊತ್ತಿಗೆ ಕೊಟ್ಟಿಗೆಯ ಹತ್ತಿರ ಯಾರೂ ಗದ್ದಲ ಮಾಡುವುದಿಲ್ಲ. ನಾಯಿಯನ್ನು ದೂರ ಕಟ್ಟುತ್ತಾರೆ, ಮಕ್ಕಳನ್ನು ಆಚೆ ಕಳಿಸುತ್ತಾರೆ, ಒಬ್ಬರು ಮಾತ್ರ ಮೂಲೆಯಲ್ಲಿ ಸದ್ದಿಲ್ಲದೆ ಕೂತು ಕಾಯುತ್ತಾರೆ. ಅದೇ ಮನೆಯ ಹೆಣ್ಣುಮಗಳು ಹೆರಿಗೆಗೆ ಹೋದಾಗ ಅವಳಿಗೆ ಸಿಗುವುದು ಕಣ್ಣಿಗೆ ಹೊಡೆಯುವ ಟ್ಯೂಬ್‌ಲೈಟು, ಪಕ್ಕದ ಟೇಬಲ್ಲಿನವಳ ಕೂಗು, ಗುರುತಿಲ್ಲದ ಐದಾರು ಮುಖ, ‘ಇಷ್ಟಕ್ಕೆಲ್ಲಾ ಕಿರುಚಬೇಡ’ ಅನ್ನುವ ಗದರಿಕೆ.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಸ್ಟಾಫ್ ನರ್ಸ್ ಆಗಿ ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ಮೊದಲ ವರ್ಷಗಳಲ್ಲಿ ನಾನೂ ಗದರಿದ್ದೇನೆ. ಒಂದೇ ರಾತ್ರಿಗೆ ಏಳೆಂಟು ಹೆರಿಗೆ, ಇಬ್ಬರೇ ನರ್ಸು, ಜೋರು ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ ಎಂದು ನಂಬಿದ್ದೆ. ಒಂದು ರಾತ್ರಿ ಕರೆಂಟು ಹೋಗಿ, ಎಮರ್ಜೆನ್ಸಿ ಲೈಟಿನ ಮಂದ ಬೆಳಕಿನಲ್ಲಿ, ಮೂಲೆಯ ಟೇಬಲ್ಲಿನ ಹುಡುಗಿಯ ಬೆನ್ನನ್ನು ಅವಳ ಅಜ್ಜಿ ಮೆಲ್ಲಗೆ ತಿಕ್ಕುತ್ತಾ ಕೂತಿದ್ದರು. ಗಂಟೆಗಟ್ಟಲೆ ಮುಂದೆ ಹೋಗದ ಹೆರಿಗೆ ಆ ಹೊತ್ತಿನಲ್ಲಿ ಸರಾಗವಾಯಿತು. ಒಂದು ರಾತ್ರಿಯ ಘಟನೆಯಿಂದ ಏನನ್ನೂ ಸಾಬೀತು ಮಾಡಲಾಗದು. ಆದರೆ ಆಮೇಲೆ ನಾನು ಟೇಬಲ್ಲಿನ ಮೇಲೆ ಮಲಗಿದವಳ ಜೊತೆಗೆ ಅವಳ ಸುತ್ತ ಏನೇನಿದೆ ಎಂದೂ ನೋಡಲು ಕಲಿತೆ.

ಗರ್ಭಕೋಶ ಹಿಂಡುವುದಕ್ಕೆ ಮಿದುಳಿನ ತಳದಿಂದ ಇಳಿಯುವ ಆಕ್ಸಿಟೋಸಿನ್ ಎಂಬ ರಸ ಬೇಕು. ಹೆದರಿದಾಗ, ನಾಚಿದಾಗ, ಯಾರೋ ನೋಡುತ್ತಿದ್ದಾರೆ ಅನ್ನಿಸಿದಾಗ ಅಡ್ರಿನಲಿನ್ ಏರುತ್ತದೆ, ಆಕ್ಸಿಟೋಸಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಮೈ ಬಿಗಿಯುತ್ತದೆ, ಬಿಗಿದಷ್ಟೂ ನೋವು ಹೆಚ್ಚು, ನೋವು ಹೆಚ್ಚಿದಷ್ಟೂ ಹೆದರಿಕೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ತುಂಡು ಮಾಡಬೇಕು. ಅದಕ್ಕೆ ದುಬಾರಿ ಆಸ್ಪತ್ರೆಯ ಸೂಟ್ ರೂಮೇ ಬೇಕೆಂದಿಲ್ಲ. ಆರು ಟೇಬಲ್ಲಿನ ಸರ್ಕಾರಿ ಹೆರಿಗೆ ಕೋಣೆಯಲ್ಲೂ ಒಂದು ಮಂಚದಷ್ಟು ಜಾಗವನ್ನು ಅವಳದಾಗಿಸಬಹುದು. ಅವಳ ಜೊತೆ ಒಳಗೆ ಹೋಗುವವರಿಗಾಗಿ, ಅಂದರೆ ಅಮ್ಮ, ಅಕ್ಕ, ಅತ್ತೆ, ಅತ್ತಿಗೆ ಅಥವಾ ಗಂಡನಿಗಾಗಿ, ಇದನ್ನು ಬರೆಯುತ್ತಿದ್ದೇನೆ.

ಮೊದಲು: ಜೊತೆಗೆ ಯಾರು?

ಉಳಿದೆಲ್ಲದಕ್ಕಿಂತ ದೊಡ್ಡ ನಿರ್ಧಾರ ಇದೇ. 2017ರಲ್ಲಿ ಹೊಸದಾಗಿ ಪರಿಷ್ಕರಿಸಿದ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯೊಂದು 17 ದೇಶಗಳ 26 ಅಧ್ಯಯನಗಳನ್ನು, 15,000ಕ್ಕೂ ಹೆಚ್ಚು ಹೆಂಗಸರ ಹೆರಿಗೆಗಳನ್ನು ಒಟ್ಟಿಗೆ ನೋಡಿತು. ಬೇನೆಯ ಉದ್ದಕ್ಕೂ ಬಿಟ್ಟುಹೋಗದ ಒಬ್ಬರು ಜೊತೆಗಿದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಬೇನೆಯ ಅವಧಿಯೂ ಸ್ವಲ್ಪ ಕಡಿಮೆ ಎಂದು ಕಂಡುಬಂತು. ‘ಬಿಟ್ಟುಹೋಗದ’ ಅನ್ನುವುದು ಇಲ್ಲಿ ಮುಖ್ಯ. ಗಂಟೆಗೊಬ್ಬರು ಬದಲಾಗುವ, ಬಂದು ಇಣುಕಿ ಹೋಗುವ ಹತ್ತು ಮಂದಿಯಿಂದ ಆ ಫಲ ಸಿಗುವುದಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಒಳಗೆ ಬಿಡುವುದಿಲ್ಲ ಎಂದು ಎಷ್ಟೋ ಮನೆಗಳವರು ಕೇಳುವುದೇ ಇಲ್ಲ. ಆದರೆ ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯೊಳಗೆ ಒಬ್ಬ ಜೊತೆಗಾತಿಯನ್ನು ಬಿಡಬಹುದೆಂದು ಮಾರ್ಗಸೂಚಿ ಕೊಟ್ಟಿದೆ. ಆಕೆ ಸ್ವತಃ ಹೆತ್ತವಳಾಗಿದ್ದರೆ ಒಳ್ಳೆಯದು, ಅಂಟುರೋಗ ಇರಬಾರದು, ಬಟ್ಟೆ ಶುಚಿಯಾಗಿರಬೇಕು, ಕೊನೆಯವರೆಗೂ ಇರಬೇಕು, ಚಿಕಿತ್ಸೆಗೆ ಅಡ್ಡಬರಬಾರದು. ಪರದೆ, ಗೋಡೆಗಳಿಂದ ಒಬ್ಬೊಬ್ಬರಿಗೂ ಮರೆ ಇರುವ ಕಡೆ ಗಂಡನೂ ಇರಬಹುದು. 2017ರ ಡಿಸೆಂಬರಿನಲ್ಲಿ ಶುರುವಾದ ‘ಲಕ್ಷ್ಯ’ ಕಾರ್ಯಕ್ರಮವೂ ಹೆರಿಗೆ ಕೋಣೆಯಲ್ಲಿ ಮರೆ, ಮರ್ಯಾದೆ, ಜೊತೆಗಾತಿ ಇವನ್ನೆಲ್ಲಾ ಗುಣಮಟ್ಟದ ಲೆಕ್ಕಕ್ಕೆ ತಂದಿದೆ. ಹಾಗಾಗಿ ಕೇಳುವುದಕ್ಕೆ ಹಿಂಜರಿಯಬೇಡಿ.

ಯಾರನ್ನು ಆರಿಸಬೇಕು? ಬಸುರಿಯನ್ನೇ ಕೇಳಿ, ಅವಳೊಬ್ಬಳೇ ಇದ್ದಾಗ ಕೇಳಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆದ್ದರಿಂದ ಅಮ್ಮನೇ ಇರಬೇಕು ಎಂದು ನಾವೆಲ್ಲಾ ಅಂದುಕೊಳ್ಳುತ್ತೇವೆ. ಆದರೆ ಮಗಳು ನರಳುವುದನ್ನು ಕಂಡು ಅವಳಿಗಿಂತ ಮೊದಲೇ ಅಳುವ ಅಮ್ಮಂದಿರನ್ನು ನಾನು ಬಹಳ ಕಂಡಿದ್ದೇನೆ. ಅವರ ಪ್ರೀತಿಗೆ ಏನೂ ಕೊರತೆಯಿಲ್ಲ, ಆದರೆ ಆ ಕೋಣೆಗೆ ಅಳದವರು ಬೇಕು. ಒಂದು ಸಲ ಚಿಕ್ಕಮ್ಮನೊಬ್ಬರು ಬಂದಿದ್ದರು. ಹೆಚ್ಚು ಮಾತಿಲ್ಲದ ಹೆಂಗಸು. ಒಂಬತ್ತು ಗಂಟೆ ಹೊತ್ತು ಬೆನ್ನು ಒತ್ತಿದ್ದು, ನೀರು ಕುಡಿಸಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ನಾನು ಕಂಡ ಜೊತೆಗಾತಿಯರಲ್ಲಿ ಅವರಷ್ಟು ಚೆನ್ನಾಗಿ ನೋಡಿಕೊಂಡವರು ಕಡಿಮೆ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಅವರು ಮಾಡಿಸಿದ ಹೆರಿಗೆಗಳ ಲೆಕ್ಕವನ್ನೇ, ಹದಿನೈದು ಸಾವಿರಕ್ಕೂ ಮೇಲೆ ಎಂದು, ಎಲ್ಲರೂ ಹೇಳಿದರು. ನನ್ನ ಮನಸ್ಸಿನಲ್ಲಿ ನಿಂತದ್ದು ಬೇರೆ. ಸೂಲಗಿತ್ತಿ ಅಂದರೆ ಕರೆದಾಗ ಬಂದು, ಹೆರಿಗೆ ಆಗುವ ತನಕ ಅಲ್ಲೇ ಕೂತಿರುತ್ತಿದ್ದ ಒಬ್ಬಳು. ಆಸ್ಪತ್ರೆಯಿಂದ ನಮಗೆ ರಕ್ತ ಸಿಕ್ಕಿತು, ಔಷಧಿ ಸಿಕ್ಕಿತು, ಆಪರೇಷನ್ ಥಿಯೇಟರ್ ಸಿಕ್ಕಿತು. ಅವುಗಳಿಂದ ಎಷ್ಟೋ ಜೀವ ಉಳಿದಿವೆ, ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಹಾಗೆ ಕೂತಿರುತ್ತಿದ್ದವಳನ್ನು ಮಾತ್ರ ಕಳೆದುಕೊಂಡೆವು. ಅವಳ ಜಾಗ ಈಗ ನಿಮ್ಮದು.

ಏಳೆಂಟನೇ ತಿಂಗಳಲ್ಲಿ: ಆಸ್ಪತ್ರೆ ನೋಡಿ ಬನ್ನಿ

ಗುರುತಿಲ್ಲದ ಜಾಗ ಅರ್ಧ ಹೆದರಿಕೆಗೆ ಕಾರಣ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಇರುತ್ತದೆ. ಆಗ ತಾಯಿ ಕಾರ್ಡ್ ಹಿಡಿದು ಹೋದವರು ಹಾಗೇ ಹಿಂತಿರುಗದೆ ಹೆರಿಗೆ ವಾರ್ಡಿನ ಸಿಸ್ಟರನ್ನು ಮಾತಾಡಿಸಿ. ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಇನ್ನೂ ಸಲೀಸು. ಹೆರಿಗೆ ಕೋಣೆ ಖಾಲಿಯಿದ್ದರೆ ಬಾಗಿಲಿಂದಲಾದರೂ ತೋರಿಸುತ್ತಾರೆ. ಟೇಬಲ್ ಯಾವುದು, ಶೌಚಾಲಯ ಎಲ್ಲಿ, ಕುಡಿಯುವ ನೀರು ಎಲ್ಲಿ, ಮಗುವನ್ನು ಬೆಚ್ಚಗಿಡುವ ವಾರ್ಮರ್ ಹೇಗಿರುತ್ತದೆ ಎಂದು ಅವಳೂ ನೋಡಲಿ, ನೀವೂ ನೋಡಿ.

ಅಲ್ಲೇ ಕೆಲವು ವಿಷಯ ಕೇಳಿಕೊಳ್ಳಿ. ಜೊತೆಗೆ ಯಾರನ್ನು ಬಿಡುತ್ತೀರಿ? ನೋವು ಶುರುವಾದ ಮೇಲೆ ಓಡಾಡಬಹುದೇ? ಗಂಜಿ, ಎಳನೀರು ಕೊಡಬಹುದೇ? ಪರದೆ ಇದೆಯೇ, ನಾವೇ ತರಬೇಕೇ? ನೋವು ಕಡಿಮೆ ಮಾಡುವ ಇಂಜೆಕ್ಷನ್ ಅಥವಾ ಎಪಿಡ್ಯೂರಲ್ (ಬೆನ್ನಿಗೆ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುವ ಔಷಧಿ) ಇಲ್ಲಿ ಸಿಗುತ್ತದೆಯೇ? ಅವಳಿಗೆ ಬೇಕೆನಿಸಿದರೆ ಎಪಿಡ್ಯೂರಲ್ ತೆಗೆದುಕೊಳ್ಳುವುದೂ ನೆಮ್ಮದಿಯ ಒಂದು ದಾರಿಯೇ. ‘ನಾವೆಲ್ಲಾ ಹಾಗೇ ಹೆರಲಿಲ್ಲವೇ’ ಎಂದು ತಡೆಯುವುದು ಸರಿಯಲ್ಲ.

ದುಡ್ಡಿನ ಚಿಂತೆಯೂ ನೆಮ್ಮದಿ ಕೆಡಿಸುತ್ತದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ 2011ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಮನೆಗೆ ಮರಳುವ ವಾಹನ ಎಲ್ಲವೂ ಉಚಿತ. ಇದನ್ನು ಮನೆಯವರೆಲ್ಲರಿಗೂ ಮೊದಲೇ ಹೇಳಿಬಿಡಿ.

ಇನ್ನು ಸೀಮಂತ ಮುಗಿದ ಮೇಲೆ ಬರುವ ನೆಂಟರ ಕಥೆಗಳು. ಯಾರಿಗೆ ಎಷ್ಟು ಹೊಲಿಗೆ ಬಿತ್ತು, ಯಾರ ಮಗು ಹೇಗೆ ಸಿಕ್ಕಿಕೊಂಡಿತು ಎಂದು ಅವಳ ಮುಂದೆಯೇ ಹೇಳುತ್ತಾರೆ. ಅವು ಬೇನೆಯ ರಾತ್ರಿ ಅವಳ ತಲೆಯೊಳಗೆ ತಿರುಗಿ ಬರುತ್ತವೆ. ಅಂಥ ಮಾತು ಶುರುವಾದ ಕೂಡಲೇ ಅವಳನ್ನು ಬೇರೆ ಕೋಣೆಗೆ ಕರೆದುಕೊಂಡು ಹೋಗಿ.

ಕೈ ಪಳಗಿಸಿ

ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ ಸಾಕು. ಅವಳು ಮಂಚದ ಅಂಚು ಹಿಡಿದು ಮುಂದಕ್ಕೆ ಬಾಗಿ ನಿಲ್ಲಲಿ, ಅಥವಾ ಕುರ್ಚಿಯಲ್ಲಿ ಹಿಂದುಮುಂದಾಗಿ ಕೂತು ಒರಗುವ ಹಲಗೆಯ ಮೇಲೆ ಕೈ, ತಲೆ ಇಡಲಿ. ನೀವು ಅಂಗೈಯ ಬುಡದಿಂದ ಸೊಂಟದ ಕೆಳಗಿನ ಚಪ್ಪಟೆ ಎಲುಬಿನ ಮೇಲೆ ಗಟ್ಟಿಯಾಗಿ, ಒಂದೇ ಸಮನೆ ಒತ್ತಿ ಹಿಡಿಯಿರಿ. ಎಷ್ಟು ಒತ್ತಿದರೆ ಹಿತ ಎಂದು ಅವಳೇ ಹೇಳಲಿ. ಬೇನೆ ಬಂದಾಗ ಅವಳು ಇದಕ್ಕಿಂತ ಜೋರಾಗಿ ಒತ್ತು ಅನ್ನುತ್ತಾಳೆ. ನಿಮ್ಮ ತೋಳಿಗೆ ಆಸರೆ ಬೇಕಾದರೆ ಮೊಣಕೈಯನ್ನು ನಿಮ್ಮ ಸೊಂಟಕ್ಕೆ ಆನಿಸಿಕೊಂಡು ಮೈಭಾರ ಬಿಡಿ.

ಉಸಿರಿನ ಅಭ್ಯಾಸವನ್ನು ದೊಡ್ಡ ವಿದ್ಯೆ ಮಾಡಬೇಡಿ. ಮೂಗಿನಿಂದ ಒಳಕ್ಕೆ, ಬಾಯಿಂದ ಬಿಸಿ ಕಾಫಿ ಊದುವ ಹಾಗೆ ನಿಧಾನವಾಗಿ ಹೊರಕ್ಕೆ. ಒಳಗೆ ಎಳೆದುಕೊಂಡದ್ದಕ್ಕಿಂತ ಹೊರಗೆ ಬಿಡುವುದು ಉದ್ದವಾಗಿರಲಿ. ಬಾಯಿ ಸಡಿಲ, ಹೆಗಲು ಕೆಳಗೆ. ನೀವೂ ಅವಳ ಎದುರು ಕೂತು ಅದೇ ಉಸಿರು ಮಾಡಿ. ಹೆರಿಗೆಯ ದಿನ ಹೇಳಿಕೊಡಲು ಹೋದರೆ ಅವಳ ಕಿವಿಗೆ ಇಳಿಯುವುದಿಲ್ಲ. ನಿಮ್ಮ ಉಸಿರಿನ ಸದ್ದು ಕೇಳಿದರೆ ತಾನಾಗಿ ಸೇರಿಕೊಳ್ಳುತ್ತಾಳೆ.

ಚೀಲದಲ್ಲಿ ಏನಿರಬೇಕು

ಮಗುವಿನ ಬಟ್ಟೆಯ ಪಟ್ಟಿಯನ್ನು ಎಲ್ಲರೂ ಕೊಡುತ್ತಾರೆ, ಅದನ್ನು ಬಿಡುತ್ತೇನೆ. ಅವಳ ನೆಮ್ಮದಿಗೆ ಬೇಕಾದವು ಇಷ್ಟು: ಮುಂದೆ ಗುಂಡಿಯಿರುವ ಎರಡು ಹಳೇ ಕಾಟನ್ ನೈಟಿ. ಎರಡು ಒಗೆದ ಹತ್ತಿ ಸೀರೆ, ಒಂದು ಮರೆಗೆ, ಒಂದು ಹೊದೆಯಲು. ಬಿಸಿನೀರಿನ ಬ್ಯಾಗು. ಬೀಸಣಿಗೆ. ಮುಖ ಒರೆಸಲು ಸಣ್ಣ ಟವೆಲ್‌ಗಳು. ಬಗ್ಗಿಸಿ ಕುಡಿಯಬಲ್ಲ ಸ್ಟ್ರಾ, ಏಕೆಂದರೆ ನೋವಿನ ನಡುವೆ ಲೋಟ ಹಿಡಿಯಲಾಗುವುದಿಲ್ಲ. ತುಟಿ ಒಣಗದಂತೆ ಸವರಲು ತುಪ್ಪ ಅಥವಾ ಕೊಬ್ಬರಿ ಎಣ್ಣೆ. ಕೂದಲಿಗೆ ರಬ್ಬರ್ ಬ್ಯಾಂಡು. ಕಾಲುಚೀಲ, ಹೆರಿಗೆಯ ಹೊತ್ತಿಗೆ ಎಷ್ಟೋ ಜನಕ್ಕೆ ಪಾದ ತಣ್ಣಗಾಗಿ ನಡುಕ ಬರುತ್ತದೆ. ಅವಳ ಮನೆಯ ದಿಂಬಿನ ಕವರು, ಒಗೆಯದೆ ಇರಲಿ, ಮನೆಯ ವಾಸನೆ ಬೇಕು. ನಿಮಗೆ ಅವಲಕ್ಕಿಯೋ ಚಪಾತಿಯೋ ಏನಾದರೂ. ಹಸಿದ ಜೊತೆಗಾತಿ ಬೇಗ ಸಿಡುಕುತ್ತಾಳೆ.

ಅಗರಬತ್ತಿ, ದೀಪ ಬೇಡವೇ ಬೇಡ. ಆಮ್ಲಜನಕದ ಸಿಲಿಂಡರ್ ಇರುವ ಜಾಗ, ಹುಟ್ಟಿದ ಮಗುವಿಗೆ ಹೊಗೆಯೂ ಒಳ್ಳೆಯದಲ್ಲ. ಫಿನಾಯಿಲ್ ವಾಸನೆಗೆ ಹೊಟ್ಟೆ ತೊಳಸಿದರೆ ಒಂದು ನಿಂಬೆಹಣ್ಣು ಗೀರಿ ಮೂಗಿನ ಹತ್ತಿರ ಹಿಡಿಯಿರಿ.

ನೋವು ಶುರುವಾದಾಗ ಮನೆಯಲ್ಲಿ

ಚೊಚ್ಚಲಾದರೆ, ಹೆರಿಗೆ ಸಾಮಾನ್ಯವೆಂದು ಡಾಕ್ಟರ್ ಹೇಳಿದ್ದರೆ, ಮೊದಲ ನೋವಿಗೇ ಓಡಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸುಗಳಲ್ಲಿ ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆಯೇ ಚುರುಕಿನ ಹಂತ ಶುರು ಎಂದು ಇಟ್ಟುಕೊಂಡಿದೆ. ಅದಕ್ಕೆ ಮುಂಚಿನ ನಿಧಾನದ ಹಂತ ಎಷ್ಟು ಹೊತ್ತು ಎಂದು ಅಳೆದು ಹೇಳಲಾಗದು. ಆ ಹೊತ್ತನ್ನು ಮನೆಯ ಹಿತ್ತಿಲಲ್ಲಿ ಓಡಾಡುತ್ತಾ, ಬೆಚ್ಚಗಿನ ನೀರು ಮೈಮೇಲೆ ಸುರಿದುಕೊಳ್ಳುತ್ತಾ, ಸ್ವಲ್ಪ ನಿದ್ದೆ ಮಾಡುತ್ತಾ ಕಳೆಯುವುದು ವಾರ್ಡಿನ ಬೆಂಚಿಗಿಂತ ಎಷ್ಟೋ ಮೇಲು. ಹುಸಿನೋವಾದರೆ ನಡೆದಾಗ, ಮಲಗಿದಾಗ, ನೀರು ಕುಡಿದಾಗ ತಗ್ಗುತ್ತದೆ. ನಿಜವಾದ ಬೇನೆ ಏನು ಮಾಡಿದರೂ ಹತ್ತಿರ ಹತ್ತಿರ ಬರುತ್ತದೆ, ಉದ್ದವಾಗುತ್ತದೆ. ಐದು ನಿಮಿಷಕ್ಕೊಮ್ಮೆ, ಹೆಚ್ಚುಕಡಿಮೆ ಒಂದು ನಿಮಿಷ ಉಳಿಯುವ ನೋವು ಒಂದು ಗಂಟೆ ಹೊತ್ತು ಬಂದರೆ ಹೊರಡಿ. ಆಸ್ಪತ್ರೆ ದೂರವಿದ್ದರೆ, ಎರಡನೇ ಹೆರಿಗೆಯಾದರೆ, ಅದಕ್ಕೂ ಮುಂಚೆಯೇ ಹೊರಡಿ.

ಕಾಯದೆ ಕೂಡಲೇ 108ಕ್ಕೆ ಫೋನ್ ಮಾಡಬೇಕಾದ ಸಂದರ್ಭಗಳನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ: ಕೆಂಪು ರಕ್ತ ಹೋಗುವುದು, ನೀರು ಹೋಗುವುದು (ಅದು ಹಸಿರು, ಕಂದು ಬಣ್ಣವಿದ್ದರೆ ಇನ್ನೂ ಆತುರ), ಮಗುವಿನ ಚಲನೆ ಕಡಿಮೆಯಾಗುವುದು, ಜೋರು ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಜ್ವರ, ತಿಂಗಳು ತುಂಬುವ ಮೊದಲೇ ನೋವು. ಹಿಂದೆ ಸಿಸೇರಿಯನ್ ಆದವರು, ಬಿಪಿ ಇರುವವರು, ಅವಳಿ ಇರುವವರು ನೋವಿನ ಮೊದಲ ಸುಳಿವಿಗೇ ಹೊರಡಬೇಕು.

ನೋವು ಚುರುಕಾಗಲಿ ಎಂದು ಹರಳೆಣ್ಣೆ ಕುಡಿಸುವುದು, ನಾಟಿ ಕಷಾಯ ಕೊಡುವುದು, ಯಾರಿಂದಲೋ ಇಂಜೆಕ್ಷನ್ ಹಾಕಿಸುವುದು ಬೇಡ. ಅಳತೆಯಿಲ್ಲದ ಔಷಧಿಯಿಂದ ಗರ್ಭಕೋಶ ಬಿಡುವಿಲ್ಲದೆ ಹಿಂಡಿ ಮಗುವಿಗೆ ಉಸಿರು ಕಟ್ಟಿದ್ದನ್ನು ನಾನು ಕಂಡಿದ್ದೇನೆ.

ಹೆರಿಗೆ ಕೋಣೆಯೊಳಗೆ ಮೊದಲ ಹದಿನೈದು ನಿಮಿಷ

ಒಳಗೆ ಕಾಲಿಟ್ಟ ಕೂಡಲೇ ಅಲ್ಲಿರುವ ಸಿಸ್ಟರಿಗೆ ನಮಸ್ಕಾರ ಹೇಳಿ, ನಿಮ್ಮ ಹೆಸರು, ಅವಳ ಹೆಸರು ಹೇಳಿ. ‘ಪೇಷೆಂಟ್’ ಅಂತಲೋ ‘ಮೂರನೇ ಟೇಬಲ್’ ಅಂತಲೋ ಕರೆಯುವ ಕಡೆ ಒಮ್ಮೆ ಹೆಸರು ಗೊತ್ತಾದರೆ ದನಿಯೇ ಬದಲಾಗುತ್ತದೆ. ‘ನಾನು ಇವಳ ಪಕ್ಕದಲ್ಲೇ ಇರ್ತೀನಿ ಸಿಸ್ಟರ್, ಏನಾದ್ರೂ ಬೇಕಾದ್ರೆ ಹೇಳಿ, ಆಚೆ ನಿಲ್ಲಬೇಕು ಅಂದ್ರೆ ನಿಲ್ತೀನಿ’ ಎಂದರೆ ಅವರ ಅರ್ಧ ಆತಂಕ ಕಳೆಯುತ್ತದೆ. ಜೊತೆಗಾರರನ್ನು ಕಂಡರೆ ನಮಗೇಕೆ ಭಯ ಅಂದರೆ, ಜಗಳಕ್ಕೆ ಬರುವವರೂ ಇರುತ್ತಾರೆ.

ಆಮೇಲೆ ಮರೆ. ಪರದೆ ಇದ್ದರೆ ಎಳೆಯಿರಿ. ಇಲ್ಲದಿದ್ದರೆ ಅನುಮತಿ ಕೇಳಿ ಸೀರೆಯನ್ನು ಸಲೈನ್ ಸ್ಟ್ಯಾಂಡಿನಿಂದ ಕಿಟಕಿಯ ಸರಳಿಗೆ ಕಟ್ಟಿ. ಅದೂ ಆಗದಿದ್ದರೆ ಒಳಪರೀಕ್ಷೆಯ ಹೊತ್ತಿಗೆ ನೀವೇ ಸೀರೆ ಹಿಡಿದು ಅಡ್ಡ ನಿಂತುಕೊಳ್ಳಿ, ಪರೀಕ್ಷೆ ಮುಗಿದೊಡನೆ ಮೊಣಕಾಲ ಮೇಲೆ ಹೊದಿಸಿ. ನೆಮ್ಮದಿಯ ಕೆಲಸಗಳಲ್ಲಿ ಯಾವುದಾದರೂ ಒಂದನ್ನೇ ಮಾಡಲು ಸಾಧ್ಯ ಅಂದರೆ ಇದನ್ನೇ ಮಾಡಿ. ಬಟ್ಟೆ ಸರಿದು ಮಲಗಿದವಳು ತನ್ನ ಮೈಯನ್ನು ಸಡಿಲ ಬಿಡಲು ಸಾಧ್ಯವಿಲ್ಲ.

ಬೆಳಕು: ಪರೀಕ್ಷೆ ಇಲ್ಲದ ಹೊತ್ತಿನಲ್ಲಿ ಅವಳ ತಲೆಯ ಮೇಲಿನ ಲೈಟ್ ಒಂದನ್ನು ಆರಿಸಬಹುದೇ ಎಂದು ಕೇಳಿ. ಆಗದಿದ್ದರೆ ಕಣ್ಣಿಗೆ ತೆಳು ಬಟ್ಟೆ ಹಾಕಿ. ಸದ್ದು: ನಿಮ್ಮ ಮೊಬೈಲ್ ಸೈಲೆಂಟಿನಲ್ಲಿರಲಿ. ದುಬೈಯಿಂದ ಮಾವ, ಬೆಂಗಳೂರಿಂದ ಅಣ್ಣ, ಎಲ್ಲರೂ ‘ಎಷ್ಟಾಯ್ತು?’ ಎಂದು ಕೇಳುತ್ತಲೇ ಇರುತ್ತಾರೆ. ಹೊರಗಿರುವ ಒಬ್ಬರಿಗೆ ಆ ಕೆಲಸ ವಹಿಸಿ. ಅವಳಿಗೆ ಇಷ್ಟವಾದ ದೇವರನಾಮವೋ ಭಾವಗೀತೆಯೋ ಇಯರ್‌ಫೋನಿನಲ್ಲಿ ಸಣ್ಣಗೆ ಹಾಕಿ, ಬೇಡ ಅಂದರೆ ತಕ್ಷಣ ತೆಗೆಯಿರಿ. ಬೆಳಿಗ್ಗೆ ಇಷ್ಟವಾದದ್ದು ಮಧ್ಯಾಹ್ನ ಹಿಂಸೆಯಾಗಬಹುದು.

ಸೆಕೆಯ ವಿಷಯದಲ್ಲಿ ಒಂದು ಮಾತು. ಅವಳು ಬೆವರುತ್ತಾಳೆ, ಫ್ಯಾನ್ ಜೋರು ಮಾಡಿ ಅನ್ನುತ್ತಾಳೆ. ಆದರೆ ಹುಟ್ಟುವ ಮಗುವಿಗಾಗಿ ಕೋಣೆ 25ರಿಂದ 28 ಡಿಗ್ರಿ ಇರಬೇಕು, ಗಾಳಿ ಬೀಸಬಾರದು. ಹಾಗಾಗಿ ಬೀಸಣಿಗೆಯಿಂದ ಅವಳ ಮುಖಕ್ಕಷ್ಟೇ ಗಾಳಿ ಹಾಕಿ, ಒದ್ದೆ ಟವೆಲ್ ಕತ್ತಿಗೆ ಇಡಿ.

ಬೇನೆಯ ಉದ್ದಕ್ಕೂ

ಬೆನ್ನಿನ ಮೇಲೆ ಅಂಗಾತ ಮಲಗಿಸಿಯೇ ಇಡಬೇಕು ಎಂಬ ನಿಯಮವಿಲ್ಲ. ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳವನ್ನು ಒತ್ತುತ್ತದೆ, ತಾಯಿಗೆ ತಲೆ ಸುತ್ತಬಹುದು, ಮಗುವಿಗೆ ರಕ್ತ ಕಡಿಮೆಯಾಗಬಹುದು. ನಿಂತು, ನಡೆದು, ಕೂತು ಬೇನೆ ಕಳೆದವರ ಮೊದಲ ಹಂತ (ಗರ್ಭಕೋಶದ ಬಾಯಿ ಪೂರ್ತಿ ತೆರೆಯುವವರೆಗಿನ ಹೊತ್ತು) ಸರಾಸರಿ ಒಂದು ಗಂಟೆಗೂ ಹೆಚ್ಚು ಮೊದಲೇ ಮುಗಿಯಿತೆಂದು 2013ರ ಇನ್ನೊಂದು ಕಾಕ್ರೇನ್ ವಿಮರ್ಶೆ ಹೇಳಿದೆ. ಮಗುವಿನ ಎದೆಬಡಿತ ಸರಿಯಿದ್ದು ಸಿಸ್ಟರ್ ಒಪ್ಪಿದರೆ ಓಡಾಡಿಸಿ. ನೋವು ಬಂದಾಗ ನಿಮ್ಮ ಕುತ್ತಿಗೆಗೆ ಕೈ ಹಾಕಿ ತೂಗಿಕೊಳ್ಳಲಿ. ಬೆನ್ನೆಲ್ಲಾ ನೋವೇ ಆದರೆ ಮಂಡಿಯೂರಿ, ಮಂಚಕ್ಕೆ ಎದೆ ಆನಿಸಲಿ. ಸುಸ್ತಾದಾಗ ಎಡಮಗ್ಗುಲಿಗೆ ಮಲಗಲಿ, ಎರಡು ಮಂಡಿಗಳ ನಡುವೆ ದಿಂಬು ಇಡಿ.

ನೋವು ಬರುವ ಮುನ್ನವೇ ಕೈ ಬೆನ್ನಿನ ಮೇಲಿರಲಿ. ಏರುವಾಗ ಒತ್ತಿ, ಇಳಿಯುವಾಗ ಸಡಿಲಿಸಿ, ಮುಗಿದ ಮೇಲೆ ಹೆಗಲಿನಿಂದ ಕೆಳಕ್ಕೆ ಒಮ್ಮೆ ನೇವರಿಸಿ. ಬಿಸಿನೀರಿನ ಬ್ಯಾಗಿಗೆ ಬಟ್ಟೆ ಸುತ್ತಿ ಸೊಂಟಕ್ಕಿಡಿ. ಎಪಿಡ್ಯೂರಲ್ ಹಾಕಿದ್ದರೆ ಬೇಡ, ಮರಗಟ್ಟಿದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಕರೆದುಕೊಂಡು ಹೋಗಿ, ತುಂಬಿದ ಮೂತ್ರಕೋಶ ಮಗುವಿನ ತಲೆಗೆ ಅಡ್ಡ. ಪ್ರತಿ ಎರಡು ಮೂರು ನೋವಿಗೊಮ್ಮೆ ಒಂದೆರಡು ಗುಟುಕು ನೀರು, ಮಜ್ಜಿಗೆ, ಎಳನೀರು ಅಥವಾ ರಾಗಿ ಗಂಜಿ. ತೊಂದರೆಯಿಲ್ಲದ ಹೆರಿಗೆಯಲ್ಲಿ ಉಪವಾಸ ಬೇಕಿಲ್ಲ. ಆದರೆ ಆಪರೇಷನ್ ಆಗಬಹುದು ಎಂಬ ಮಾತು ಬಂದಿದ್ದರೆ ಕೇಳದೆ ಏನೂ ಕೊಡಬೇಡಿ.

ನೋವಿನ ನಡುವೆ ಪ್ರಶ್ನೆ ಕೇಳಬೇಡಿ. ನೀರು ಬೇಕಾ, ಕಾಲು ಒತ್ತಲಾ, ಎಂದು ಕೇಳಿದರೆ ಅವಳು ಯೋಚಿಸಬೇಕಾಗುತ್ತದೆ, ಅದರಿಂದ ಅವಳ ಲಯ ತಪ್ಪುತ್ತದೆ. ಸ್ಟ್ರಾ ತುಟಿಗೆ ಹಿಡಿಯಿರಿ, ಬೇಕಿದ್ದರೆ ಕುಡಿಯುತ್ತಾಳೆ. ಮಾತು ಎರಡು ಮೂರು ಪದ ಇರಲಿ. ‘ಇಲ್ಲೇ ಇದ್ದೀನಿ ಕಣೇ.’ ‘ಇದು ಇಳೀತು ನೋಡು.’ ‘ಉಸಿರು ಬಿಡು, ಹಾಂ, ಹಾಗೇ.’ ‘ಹೆಗಲು ಸಡಿಲ ಬಿಡು.’ ‘ಇನ್ನೇನು ಆಗೇಹೋಯ್ತು’ ಎಂದು ಸುಳ್ಳು ಹೇಳಬೇಡಿ, ಒಂದು ಗಂಟೆಯಾದ ಮೇಲೆ ಅವಳು ನಿಮ್ಮನ್ನು ನಂಬುವುದಿಲ್ಲ. ‘ತಡ್ಕೊ’ ಅನ್ನುವ ಮಾತನ್ನೂ ನಾನು ಬಿಟ್ಟುಬಿಟ್ಟೆ. ತಡೆದುಕೋ ಅಂದರೆ ಬಿಗಿ ಹಿಡಿ ಎಂದೇ ಮೈಗೆ ಕೇಳಿಸುತ್ತದೆ, ನಮಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ.

ಕೂಗಿದರೆ ಕೂಗಲಿ. ಗಂಟಲು ಬಿಗಿದ ಕೀರಲು ಕೂಗಾಗಿದ್ದರೆ ನೀವು ಅವಳ ಕಿವಿಯ ಹತ್ತಿರ ತಗ್ಗಿನ ದನಿಯಲ್ಲಿ ‘ಆ…’ ಎಂದು ಉದ್ದಕ್ಕೆ ಎಳೆಯಿರಿ, ಅವಳ ದನಿಯೂ ಕೆಳಗಿಳಿಯುತ್ತದೆ. ಬಾಯಿ ಅಗಲ, ದವಡೆ ಸಡಿಲ.

ಯಾರಾದರೂ ಗದರಿದರೆ, ಕೈ ಎತ್ತಿದರೆ? ಜಗಳಕ್ಕಿಳಿಯಬೇಡಿ, ಸುಮ್ಮನೆ ನೋಡಲೂಬೇಡಿ. ‘ಸಿಸ್ಟರ್, ಅವಳಿಗೆ ಹೆದರಿಕೆ ಆಗಿದೆ, ನಾನು ಹೇಳ್ತೀನಿ, ನನ್ನ ಮಾತು ಕೇಳ್ತಾಳೆ’ ಎಂದು ನಡುವೆ ನಿಲ್ಲಿ. ಮರ್ಯಾದೆಯಿಂದ ನೋಡಿಕೊಳ್ಳುವುದು ಅವಳ ಹಕ್ಕು, ದೂರು ಕೊಡುವುದಿದ್ದರೆ ಆಮೇಲೆ ಕೊಡಿ. ಒಳಪರೀಕ್ಷೆ ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಸಾಕು. ಕೂದಲು ಬೋಳಿಸುವುದು, ಎನಿಮಾ, ಮಗು ಬರುವ ದಾರಿಗೆ ಎಲ್ಲರಿಗೂ ಒಂದೇ ಸಮ ಕತ್ತರಿ ಹಾಕುವುದು, ಹೊಟ್ಟೆಯ ಮೇಲೆ ಒತ್ತಿ ಮಗುವನ್ನು ತಳ್ಳುವುದು, ಇವು ಯಾವುವನ್ನೂ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ. ‘ಇದು ಯಾಕೆ ಬೇಕು, ಸ್ವಲ್ಪ ಹೇಳ್ತೀರಾ?’ ಎಂದು ವಿನಯದಿಂದ ಕೇಳುವ ಹಕ್ಕು ನಿಮಗಿದೆ. ಆದರೆ ಎದೆಬಡಿತ ಇಳಿದಿದೆ, ರಕ್ತ ಹೆಚ್ಚು ಹೋಗುತ್ತಿದೆ ಎಂದು ಎಲ್ಲರೂ ಓಡಿ ಬಂದಾಗ ಕೇಳುತ್ತಾ ನಿಲ್ಲಬೇಡಿ. ಅವಳ ತಲೆಯ ಕಡೆಗೆ ಸರಿದು, ಹಣೆ ಮೇಲೆ ಕೈಯಿಟ್ಟು, ಕೆಲಸ ಮಾಡುವವರಿಗೆ ದಾರಿ ಬಿಡಿ.

‘ನನ್ನಿಂದಾಗಲ್ಲ’ ಅಂದಾಗ

ಗರ್ಭಕೋಶದ ಬಾಯಿ ಪೂರ್ತಿ ತೆರೆಯುವ ಸ್ವಲ್ಪ ಮುಂಚೆ ಬಹಳ ಜನ ಹೀಗನ್ನುತ್ತಾರೆ. ನಡುಕ, ವಾಂತಿ, ‘ಮನೆಗೆ ಕರ್ಕೊಂಡು ಹೋಗು’ ಎಂಬ ಅಳು, ನಿಮ್ಮ ಮೇಲೆ ಸಿಟ್ಟು. ಹೆಚ್ಚಾಗಿ ಇದು ಮಗು ಹತ್ತಿರ ಬಂದ ಸೂಚನೆ. ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಲ್ಲಿ ಕಣ್ಣಿಡಿ, ಒಂದೊಂದೇ ನೋವನ್ನು ದಾಟಿಸಿ. ಸಿಸ್ಟರಿಗೂ ತಿಳಿಸಿ.

ಆಮೇಲೆ ಮುಕ್ಕುವ, ಅಂದರೆ ಮಗುವನ್ನು ಹೊರಕ್ಕೆ ತಳ್ಳುವ ಹೊತ್ತು. ಚೊಚ್ಚಲಾದರೆ ಇದು ಮೂರು ಗಂಟೆಯವರೆಗೂ ಹೋಗಬಹುದು. ಸುತ್ತಲೂ ನಿಂತು ಎಲ್ಲರೂ ‘ಮುಕ್ಕು, ಮುಕ್ಕು’ ಎಂದು ಕೂಗಿದರೆ ಯಾರ ಮಾತು ಕೇಳಬೇಕೆಂದೇ ಅವಳಿಗೆ ತಿಳಿಯುವುದಿಲ್ಲ. ಮೈ ತಾನೇ ಒತ್ತಡ ಕೊಟ್ಟಾಗ ಮುಕ್ಕಲಿ. ಹೇಳಿಕೊಡುವುದು ಹೆರಿಗೆ ಮಾಡಿಸುವವರ ಕೆಲಸ, ನೀವು ಬೆನ್ನಿಗೆ ಆಸರೆಯಾಗಿ, ಎರಡು ನೋವಿನ ನಡುವೆ ಮುಖ ಒರೆಸಿ, ಅಷ್ಟೇ.

ಸಿಸೇರಿಯನ್ ಆಗಬೇಕೆಂದರೆ ನಿಮ್ಮ ಕೆಲಸ ಮುಗಿಯಲಿಲ್ಲ. ಸಹಿ ಹಾಕುವ ಮುನ್ನ ಕಾರಣವನ್ನು ಅವಳಿಗೂ ತಿಳಿಯುವ ಹಾಗೆ ಹೇಳಿಸಿ. ಥಿಯೇಟರ್ ತಣ್ಣಗಿರುತ್ತದೆ, ಸೊಂಟದ ಇಂಜೆಕ್ಷನ್ನಿಗೆ ಮೈ ನಡುಗುತ್ತದೆ, ಅದು ಸಹಜ ಎಂದು ಮೊದಲೇ ಹೇಳಿ. ಮಗುವಿನ ಕೆನ್ನೆಯನ್ನು ಅವಳ ಕೆನ್ನೆಗೆ ತಾಕಿಸಲು ಕೇಳಿಕೊಳ್ಳಿ. ‘ನಾರ್ಮಲ್ ಆಗಲಿಲ್ಲವಲ್ಲ’ ಎಂಬ ಮಾತು ನಿಮ್ಮ ಬಾಯಿಂದಾಗಲಿ ಹೊರಗಿನವರ ಬಾಯಿಂದಾಗಲಿ ಅವಳ ಕಿವಿಗೆ ಬೀಳಬಾರದು.

ಮಗು ಬಂದ ಮೇಲೆ ಒಂದು ಗಂಟೆ

ಮಗು ಅತ್ತ ಕೂಡಲೇ ಕೋಣೆಯ ಶಾಂತಿ ಕದಡುತ್ತದೆ. ಎಲ್ಲರಿಗೂ ಸಂಭ್ರಮ, ಫೋಟೋ, ಫೋನು. ಆದರೆ ಕಸ (ಮಾಸು) ಬೀಳುವುದಿನ್ನೂ ಬಾಕಿ, ಗರ್ಭಕೋಶ ಗಟ್ಟಿಯಾಗಿ ರಕ್ತ ನಿಲ್ಲಬೇಕು, ಅದಕ್ಕೆ ಅದೇ ಆಕ್ಸಿಟೋಸಿನ್ ಬೇಕು. ಹಾಗಾಗಿ ಅವಳ ಸುತ್ತಲಿನ ಶಾಂತಿಯನ್ನು ಇನ್ನೊಂದು ಗಂಟೆ ಕಾಯಿರಿ. ಮಗು ಚೆನ್ನಾಗಿದ್ದರೆ ಒರೆಸಿ ಬರಿಮೈಯಲ್ಲಿ ಅವಳ ಎದೆಯ ಮೇಲೆ ಮಲಗಿಸಿ, ಮೇಲಿಂದ ಇಬ್ಬರಿಗೂ ಸೇರಿಸಿ ಹೊದಿಸಲು ಕೇಳಿ. ಹೊಕ್ಕುಳಬಳ್ಳಿಯನ್ನು ಒಂದು ನಿಮಿಷಕ್ಕೂ ಮೊದಲು ಕತ್ತರಿಸದಿದ್ದರೆ ಮಗುವಿಗೆ ಹೆಚ್ಚು ರಕ್ತ ಸೇರುತ್ತದೆ. ಗಂಟೆಯೊಳಗೆ ಮೊಲೆ ಹುಡುಕಿಕೊಳ್ಳುತ್ತದೆ. ಜೇನು, ಸಕ್ಕರೆ ನೀರು ಬೇಡ.

ಗಂಡೋ ಹೆಣ್ಣೋ ಎಂದು ಅವಳೇ ನೋಡಿ ಹೇಳಲಿ. ಹೊರಗಿನವರ ಮುಖದಲ್ಲಿ ನಿರಾಸೆ ಕಾಣುವಂತಿದ್ದರೆ ಆ ಮುಖ ಒಳಗೆ ಬರದಂತೆ ಬಾಗಿಲಲ್ಲೇ ತಡೆಯಿರಿ. ‘ಮತ್ತೆ ಹೆಣ್ಣಾ?’ ಎಂಬ ಒಂದು ಮಾತಿಗೆ ಟೇಬಲ್ಲಿನ ಮೇಲೆ ಬಾಣಂತಿ ಮುಖ ಆ ಕಡೆ ತಿರುಗಿಸಿಕೊಂಡದ್ದನ್ನು ಎಷ್ಟು ಸಲ ಕಂಡೆನೋ, ನನಗೆ ಇವತ್ತಿಗೂ ಅದು ಮರೆಯುವುದಿಲ್ಲ.

ಎರಡು ಗಂಟೆ ಹೊತ್ತು ಪ್ಯಾಡ್ ಮೇಲೆ ಕಣ್ಣಿರಲಿ. ಬೇಗ ಬೇಗ ನೆನೆಯುತ್ತಿದ್ದರೆ, ಗಡ್ಡೆಗಟ್ಟಿ ರಕ್ತ ಬೀಳುತ್ತಿದ್ದರೆ, ಅವಳಿಗೆ ತಲೆ ಸುತ್ತಿದರೆ, ಮುಖ ಬಿಳಿಚಿದರೆ ಕೂಗಿ ಕರೆಯಿರಿ. ಎಲ್ಲಾ ಸರಿಯಿದ್ದರೆ ಮುಖ ತೊಳೆಸಿ, ಒಣ ನೈಟಿ ಹಾಕಿ, ಕಾಲುಚೀಲ ತೊಡಿಸಿ, ಬಿಸಿ ಗಂಜಿ ಕುಡಿಸಿ. ಮನೆಯ ದಿಂಬಿನ ಕವರು ತಲೆಯ ಕೆಳಗಿರಲಿ. ನೋಡಲು ಬಂದವರಿಗೆ ಸಂಜೆ ಬನ್ನಿ ಎಂದು ಹೇಳಿ, ಪರದೆ ಎಳೆದು, ನೀವು ತಂದಿದ್ದ ಅವಲಕ್ಕಿ ತಿನ್ನಿ.